ಮೇಲಿನ ಜೇಬು

ಗ್ರಿಮ್ಸ್‌ಬಿಯ ತಪಾಸಣಾ ಕೇಂದ್ರದ ಬಾಗಿಲಲ್ಲಿ
ನಿಲ್ಲುವುದೇ ನನ್ನ ಕೆಲಸ.
ಒಳಗೆ ಬಂದವರನ್ನು ಕೇಳುತ್ತಾರೆ:
ಎಷ್ಟು ಹೊತ್ತು ನಿಲ್ಲಬಲ್ಲಿರಿ?

ಗೋಡೆಯ ಟೀವಿಗೆ ದನಿ ತೆಗೆದಿದ್ದಾರೆ.
ಮಾತು ಮುಗಿದು ಎರಡು ಉಸಿರಾದ ಮೇಲೆ
ಅಕ್ಷರ ಬರುತ್ತವೆ, ತಡವಾದ ಬಸ್ಸಿನ ಹಾಗೆ.
ಹಸಿರು ಬೆಂಚಿಂದ ಮಾನ್ಯ ಸದಸ್ಯರೊಬ್ಬರು ಎದ್ದಿದ್ದಾರೆ:
'ಚಾಚಿದ ಕೈಗೆ ಕೆಲಸ ಇಡುವುದೇ ನಿಜವಾದ ಕರುಣೆ.'
ಎದುರು ಸಾಲಿನಾಕೆ: 'ಕರುಣೆಯಲ್ಲ ಸ್ವಾಮಿ, ಕತ್ತರಿ.'
ಯಾರೋ ನಗುತ್ತಾರೆ. ನಗುವಿಗೆ ಅಕ್ಷರ ಬರುವುದಿಲ್ಲ.

ಹತ್ತೂವರೆಗೆ ಥೆಲ್ಮಾ ಬ್ರಾಕಲ್ಸ್‌ಬಿ ಬಂದಳು.
ಗೇಟಿನಿಂದ ಬಾಗಿಲಿಗೆ ಮೂರು ಸಲ ನಿಂತಳು.
ಒಮ್ಮೆ ಬೇಲಿ ಹಿಡಿದು,
ಒಮ್ಮೆ ಯಾರದೋ ಕಾರಿನ ಬೆನ್ನಿಗೆ ಕೈಯೂರಿ,
ಒಮ್ಮೆ, ಚಿಪ್ಸಿನ ಪೊಟ್ಟಣ ಹರಿಯುತ್ತಿದ್ದ ಕಡಲಹಕ್ಕಿಯ ಎದುರು.

ಮೂವತ್ತೊಂದು ವರ್ಷ ಬಂದರಿನಲ್ಲಿ ಮೀನು ಸೀಳಿದವಳು.
ಕೈ ಕೆಸರಾದರೆ ಬಾಯಿ ಮೊಸರಂತೆ;
ಇವಳ ಕೈ ಹಿಮವಾಯಿತು, ಪೊರೆಯಾಯಿತು, ಗಾಯವಾಯಿತು,
ಕೊನೆಗೆ ಕೈಯೇ ಆಗಿ ಉಳಿಯಲಿಲ್ಲ.
ಬೆರಳುಗಳು ಈಗ ಒಂದೊಂದು ಒಂದೊಂದು ದಿಕ್ಕಿಗೆ,
ಜಗಳವಾಡಿ ಮನೆ ಬಿಟ್ಟ ಅಣ್ಣತಮ್ಮಂದಿರು.

ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕಿವಿಗೆ ಬೀಳುತ್ತದೆ.
'ಖಾಲಿ ರಟ್ಟಿನ ಪೆಟ್ಟಿಗೆ ಎತ್ತಬಲ್ಲಿರಾ?'
'ಖಾಲಿ ಪೆಟ್ಟಿಗೆ ಎತ್ತಿ ಏನು ಮಾಡಲಿ?'
'ಕೋಟಿನ ಮೇಲಿನ ಜೇಬಿಗೆ ಏನೋ ಇಡುವ ಹಾಗೆ
ಕೈ ಮೇಲೆತ್ತಿ ನೋಡೋಣ.'
ತುಸು ಮೌನ. ಬಟ್ಟೆ ಸರಿದ ಸದ್ದು.
'ಎತ್ತಿದೆ. ಏನಿಡಲಿ?'

ಕೀಬೋರ್ಡು ಟಕಟಕ.
'ನನಗೆ ಕೆಲಸ ಬೇಡವೆಂದು ಯಾರಂದರು?
ಚೂರಿ ಕೊಡಿ, ಹ್ಯಾಡಕ್ ಕೊಡಿ,
ಹಿಡಿಯುವ ಬೆರಳೂ ನೀವೇ ಕೊಟ್ಟುಬಿಡಿ.'
ಟಕಟಕ ನಿಂತು, ಮತ್ತೆ ಶುರುವಾಯಿತು.

ಹಾಗಂತ ಕೆಲಸ ಕೆಟ್ಟದ್ದಲ್ಲ, ನಾನೂ ಬಲ್ಲೆ.
ತಂಗಿಯ ಮಗ ಜೇಡನ್ ಮಧ್ಯಾಹ್ನದವರೆಗೆ ಮಲಗುತ್ತಾನೆ,
ಪರದೆ ಎಳೆದ ಕೋಣೆಯಲ್ಲಿ ಅವನಿಗೆ ಇಪ್ಪತ್ತೆರಡಾಯಿತು.
ನಡುಗುವ ಅವನ ಮೊಣಕಾಲನ್ನು ಕಂಡವನು ನಾನೇ,
'ಎದ್ದೇಳೋ ಸೋಮಾರಿ' ಎಂದು ಬೈದವನೂ ನಾನೇ.
ಹಸಿರು ಬೆಂಚಿನವರ ಮಾತು ಕೆಲವೊಮ್ಮೆ
ನನ್ನ ಬಾಯಿಂದಲೇ ಹೊರಟಿರುತ್ತದೆ.

ಥೆಲ್ಮಾ ಹೋದಮೇಲೆ ಫೆನ್ವಿಕ್ ಸಾಹೇಬರು ಹೊರಬಂದರು.
ಒಳ್ಳೆಯ ಮನುಷ್ಯ. ನನಗೂ ಒಂದು ಟೀ ತಂದಿದ್ದರು.
'ಬರುವಾಗ ನೋಡಿದೆಯಲ್ಲ, ಎಷ್ಟು ಸಲ ನಿಂತಳು?'
'ಮೂರು.'
'ನೋವಿಗೆ?'

ನಾನೇನು ಹೇಳಲಿ.
ಬೇಲಿ ನೋವು, ಕಾರು ನೋವು. ಹಕ್ಕಿ?
ನೋವಿನ ಮಧ್ಯೆ ಒಂದು ಹಕ್ಕಿಯನ್ನು ನೋಡಿದರೆ
ಅದನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ?
'ಮೂರೂ' ಎಂದೆ.
ಅವರು ನನ್ನನ್ನೇ ನೋಡಿದರು. ಟೀ ಬಿಸಿಯಿತ್ತು.
ಎರಡು ಎಂದು ಬರೆದರೋ, ಒಂದೆಂದೋ,
ಗೊತ್ತಿಲ್ಲ. ಪೆನ್ನು ಬಹಳ ಹೊತ್ತು ಓಡಲಿಲ್ಲ.

ಸಂಜೆಗೆ ಟೀವಿಯಲ್ಲಿ ಗಂಟೆ ಬಾರಿಸಿರಬೇಕು;
ಎಲ್ಲರೂ ಎದ್ದರು, ಎರಡು ಬಾಗಿಲಲ್ಲಿ ಹರಿದು ಹಂಚಿಹೋದರು.
ಅಲ್ಲಿ ಮತವೆಂದರೆ ನಡೆಯುವುದು:
ನಡೆದು ದಾಟಿದ ತಲೆ ಎಣಿಸುತ್ತಾರೆ.
ಕೆಳಗೆ ಅಕ್ಷರ ಓಡಿತು:
ದುಡಿಯುವವರ ಪಾಲನ್ನು ಪಡೆಯುವವರಿಂದ ಉಳಿಸಲು.

ತಿಂಗಳ ಹದಿನಾಲ್ಕಕ್ಕೆ ನನ್ನ ಖಾತೆಗೂ ಬರುತ್ತದೆ ಆ ಹಣ.
ವಾರಕ್ಕೆ ನಲವತ್ತು ಗಂಟೆ ನಿಂತರೂ
ಬಾಡಿಗೆಗೆ ಸಾಲದ ಸಂಬಳದ ಹರಕಲಿಗೆ
ಅವರದೇ ತೇಪೆ.
ಈ ಸಮವಸ್ತ್ರ ಹೊತ್ತು ನಾನು
ಆ ಎರಡರಲ್ಲಿ ಯಾವ ಬಾಗಿಲಲ್ಲಿ ನಡೆಯಬೇಕಿತ್ತು?

ಆರು ಗಂಟೆ. ದೀಪ ಆರಿಸಿದೆ, ಟೀವಿ ಆರಿಸಿದೆ.
ಹೊರಗೆ ಉಪ್ಪು ಗಾಳಿ, ಹರಿದ ಪೊಟ್ಟಣ, ಹಕ್ಕಿಯಿಲ್ಲ.
ಬೀಗ ಜಡಿದು ಕೀಲಿಯನ್ನು ಎಂದಿನಂತೆ
ಮೇಲಿನ ಜೇಬಿಗೆ ಇಡಹೋದೆ.

ಕೈ ಸಲೀಸಾಗಿ ಎದ್ದಿತು.
ಒಂದು ಗಳಿಗೆ ಅದನ್ನು ಅಲ್ಲೇ ಹಿಡಿದು
ಸುತ್ತ ನೋಡಿದೆ,
ಯಾರಾದರೂ ಬರೆದುಕೊಳ್ಳುತ್ತಿದ್ದಾರೇನೋ ಎಂದು.